ಮನೆಯ ವೈಫೈಗೂ ಬೇಲಿ ಬೇಕು



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಲಸಿಕೆ, ಖನಿಜ ಮಿಶ್ರಣ ಇಂಥವುಗಳ ಬಗ್ಗೆ ಬರೆಯುತ್ತೇನೆ. ಈ ಸಲ ವೈಫೈ ಬಗ್ಗೆ ಬರೆಯುತ್ತಿದ್ದೇನೆ. ಪಶುವೈದ್ಯರಿಗೂ ವೈಫೈಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಒಂದು ಕರುವಿನ ಸಾವು ನನ್ನಿಂದ ಇದನ್ನು ಬರೆಸುತ್ತಿದೆ.

ಕಳೆದ ಮಳೆಗಾಲದಲ್ಲಿ ನಮ್ಮ ಮಾರ್ಗದ ಒಂದು ಹಳ್ಳಿಯಿಂದ ಬೆಳಗಿನ ಜಾವ ಐದೂವರೆಗೆ ತುರ್ತು ಕರೆ ಬಂತು. ಚೊಚ್ಚಲ ಗಬ್ಬದ ಎಚ್‌.ಎಫ್. ಮಿಶ್ರತಳಿ ಕಡಸು. ನಾನು ಹೋಗಿ ಕೈ ಹಾಕಿ ನೋಡಿದಾಗ ಕರುವಿನ ಒಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಕಾಲು ಸರಿಪಡಿಸಿ ಕರುವನ್ನು ಹೊರತೆಗೆದೆವು. ಹೆಣ್ಣು ಕರು, ಆದರೆ ಜೀವ ಇರಲಿಲ್ಲ. ತಾಯಿ ಉಳಿಯಿತು.

ಆ ಮನೆಯವರು ಅಸಡ್ಡೆಯವರಲ್ಲ. ಕೊಟ್ಟಿಗೆ ಮನೆಯಿಂದ ಸ್ವಲ್ಪ ದೂರ ಎಂದು ಕ್ಯಾಮೆರಾ ಹಾಕಿಸಿ, ಕರು ಹಾಕುವ ದಿನ ಹತ್ತಿರ ಬಂದಾಗಲೆಲ್ಲ ರಾತ್ರಿ ಎರಡು ಮೂರು ಸಲ ಎದ್ದು ಫೋನಿನಲ್ಲೇ ನೋಡುವ ಅಭ್ಯಾಸ ಇಟ್ಟುಕೊಂಡವರು. ಮನೆಯ ಯಜಮಾನಿ ಹೇಳಿದರು: "ಹನ್ನೊಂದರವರೆಗೂ ಚೆನ್ನಾಗಿ ಕಾಣ್ತಿತ್ತು ಡಾಕ್ಟ್ರೇ. ಆಮೇಲೆ ಬರೀ ಸುತ್ತುತ್ತಾನೇ ಇತ್ತು. ನೆಟ್ ಸರಿಯಿಲ್ಲ, ಇನ್ನೂ ಎರಡು ದಿನ ಟೈಮ್ ಇದೆಯಲ್ಲ ಅಂತ ಮಲಗಿಬಿಟ್ಟೆ."

ಕೆಲವು ತಿಂಗಳ ಹಿಂದೆ ನನ್ನ ಮನೆಯಲ್ಲೂ ನೆಟ್ ಹೀಗೇ ನಿಂತು ನಿಂತು ಹೋಗುತ್ತಿತ್ತು. ಕಾರಣ ಹುಡುಕಿ ಸರಿಪಡಿಸಿಕೊಂಡಿದ್ದೆ. ಹಾಗಾಗಿ ಕೈ ತೊಳೆದು ಕಾಫಿ ಕುಡಿಯುವಾಗ ಅವರ ಮಗನನ್ನು ಕೂರಿಸಿಕೊಂಡು ವೈಫೈ ಬಾಕ್ಸಿನ ಪುಟ ತೆರೆಸಿದೆ. ಆ ಮನೆಯಲ್ಲಿದ್ದದ್ದು ನಾಲ್ಕು ಫೋನು, ಒಂದು ಟಿವಿ, ಒಂದು ಕ್ಯಾಮೆರಾ. ಪಟ್ಟಿಯಲ್ಲಿದ್ದದ್ದು 19. ತಿಂಗಳ ಡೇಟಾ ಮಿತಿ ಹಿಂದಿನ ರಾತ್ರಿಯೇ ಮುಗಿದು, ಕಂಪನಿಯವರು ವೇಗ ಇಳಿಸಿದ್ದರು. ಉಳಿದ ಆ ಅಷ್ಟಿಷ್ಟು ವೇಗಕ್ಕೆ 19 ಉಪಕರಣಗಳ ಪೈಪೋಟಿ.

ಕ್ಯಾಮೆರಾ ಸರಿಯಾಗಿ ಕಂಡಿದ್ದರೆ ಕರು ಖಂಡಿತ ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ನೀರಿನ ಚೀಲ ಒಡೆದು ಒಂದೆರಡು ಗಂಟೆಯೊಳಗೆ ಕರೆ ಬಂದಿದ್ದರೆ ಪ್ರಯತ್ನಕ್ಕೆ ಅವಕಾಶ ಇತ್ತು. ಆ ಅವಕಾಶ ಕೈತಪ್ಪಿತು.

ಪಾಸ್‌ವರ್ಡ್ ಊರೆಲ್ಲ ಸುತ್ತುವುದು ಹೇಗೆ?

ಆ 13 ಹೆಚ್ಚುವರಿ ಉಪಕರಣಗಳ ಪೈಕಿ ಒಂದೂ ಕಳ್ಳನದಲ್ಲ. ಎಲ್ಲ ಗೊತ್ತಿದ್ದವರವು, ಇಲ್ಲವೇ ಗೊತ್ತಿದ್ದವರಿಗೆ ಗೊತ್ತಿದ್ದವರವು. ಹಬ್ಬಕ್ಕೆ ಬಂದ ನೆಂಟರ ಮಗ ಕೇಳಿದ್ದ, ಕೊಟ್ಟರು. ಪಕ್ಕದ ಮನೆಯ ಹುಡುಗಿ ಪರೀಕ್ಷೆ ಫಲಿತಾಂಶ ನೋಡಬೇಕೆಂದಳು, ಕೊಟ್ಟರು. ಅಲ್ಲಿಂದ ಮುಂದೆ ಯಾರೂ ಇವರನ್ನು ಕೇಳಲೇ ಇಲ್ಲ. ಏಕೆಂದರೆ ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಒಮ್ಮೆ ಸೇರಿಕೊಂಡ ವೈಫೈಯನ್ನು ಕ್ಯೂಆರ್ ಚಿತ್ರವಾಗಿ ಇನ್ನೊಬ್ಬರಿಗೆ ತೋರಿಸಬಹುದು. ಅವರು ಕ್ಯಾಮೆರಾ ಹಿಡಿದರೆ ಸಾಕು, ಒಳಗೆ. ಹಲವು ಫೋನುಗಳಲ್ಲಿ ಆ ಚಿತ್ರದ ಕೆಳಗೆ ಪಾಸ್‌ವರ್ಡ್ ಅಕ್ಷರಗಳಲ್ಲೇ ಕಾಣುತ್ತದೆ. ಅಂದರೆ ನೀವು ಒಬ್ಬರಿಗೆ ಕೊಟ್ಟದ್ದು ಅವರು ಮನಸ್ಸು ಮಾಡಿದಷ್ಟು ಜನರಿಗೆ ಹೋಗುತ್ತದೆ.

ಇನ್ನೊಂದು ವಿಷಯ. ನಮ್ಮ ಹಳ್ಳಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಮನೆಯ ಗೋಡೆ ವೈಫೈಗೆ ಬೇಲಿಯಲ್ಲ. ಅದರ ಅಲೆ ಗೋಡೆ ದಾಟಿ ಪಕ್ಕದ ಮನೆಗೂ ಎದುರಿನ ಕಟ್ಟೆಗೂ ತಲುಪುತ್ತದೆ. ಅದಕ್ಕಿರುವ ಬೇಲಿ ಪಾಸ್‌ವರ್ಡ್ ಒಂದೇ.

ಬೇರೆಯವರು ಬಳಸಿದರೆ ನಮಗೇನು ನಷ್ಟ?

ಮೊದಲನೆಯದು ಈಗಾಗಲೇ ಹೇಳಿದ ನಷ್ಟ. ಒಳ್ಳೆ ಗುಣಮಟ್ಟದ ಸಿನಿಮಾ ನೋಡಿದರೆ ಗಂಟೆಗೆ 1ರಿಂದ 3 ಜಿಬಿ ಡೇಟಾ ಖರ್ಚಾಗುತ್ತದೆ. ಹತ್ತು ಜನ ದಿನಕ್ಕೊಂದು ಸಿನಿಮಾ ನೋಡಿದರೆ ನಿಮ್ಮ ತಿಂಗಳ ಮಿತಿ ಎಷ್ಟು ದಿನ ಬಾಳೀತು, ನೀವೇ ಲೆಕ್ಕ ಹಾಕಿ.

ಎರಡನೆಯದು ಹೆಸರಿನ ನಷ್ಟ. ನಿಮ್ಮ ವೈಫೈ ಮೂಲಕ ಯಾರು ಏನು ಮಾಡಿದರೂ ಹೊರಗಿನ ಲೋಕಕ್ಕೆ ಕಾಣುವುದು ನಿಮ್ಮ ಸಂಪರ್ಕದ ಐಪಿ ವಿಳಾಸ. ಕಂಪನಿಯ ದಾಖಲೆಯಲ್ಲಿ ಆ ವಿಳಾಸದ ಮುಂದೆ ಇರುವುದು ನಿಮ್ಮ ಹೆಸರು. ಅಹಮದಾಬಾದಿನಲ್ಲಿ 2008ರ ಜುಲೈ 26ರಂದು ಸರಣಿ ಬಾಂಬ್ ಸ್ಫೋಟ ನಡೆಯುವುದಕ್ಕೆ ಕೆಲವೇ ನಿಮಿಷ ಮುಂಚೆ ಮಾಧ್ಯಮದವರಿಗೆ ಒಂದು ಇ-ಮೇಲ್ ಬಂದಿತ್ತು. ಅದರ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈಯಲ್ಲಿದ್ದ ಒಬ್ಬ ಅಮೆರಿಕನ್ ಪ್ರಜೆಯ ಮನೆಗೆ. ಅವರ ವೈಫೈಗೆ ಸರಿಯಾದ ಬೀಗ ಇರಲಿಲ್ಲ, ಹೊರಗಿನವರು ಅದನ್ನು ಬಳಸಿಕೊಂಡಿದ್ದರು. ಅವರು ಅಪರಾಧಿಯಲ್ಲ. ಆದರೂ ವಿಚಾರಣೆ ಎದುರಿಸಬೇಕಾಯಿತು. ನಮ್ಮ ಊರಿನಲ್ಲಿ ಅಷ್ಟು ದೊಡ್ಡದು ನಡೆಯದಿರಬಹುದು. ಒಬ್ಬ ಹುಡುಗ ಕಟ್ಟೆಯ ಮೇಲೆ ಕುಳಿತು ಯಾವುದೋ ಹೆಣ್ಣುಮಗಳಿಗೆ ಕೆಟ್ಟ ಸಂದೇಶ ಕಳಿಸಿದರೂ ಮೊದಲು ಬಾಗಿಲು ತಟ್ಟುವುದು ನಿಮ್ಮ ಮನೆಯದನ್ನೇ.

ಮೂರನೆಯದು ಹಣದ ವಿಷಯ. ಹಾಲಿನ ಬಟವಾಡೆ, ಸರ್ಕಾರದ ಪ್ರೋತ್ಸಾಹಧನ ಈಗ ಬ್ಯಾಂಕ್ ಖಾತೆಗೆ ಬರುತ್ತವೆ, ಖಾತೆ ಫೋನಿನಲ್ಲಿದೆ. ಇಲ್ಲಿ ಸುಮ್ಮನೆ ಹೆದರಿಸಲು ನನಗೆ ಇಷ್ಟವಿಲ್ಲ. ನಿಮ್ಮ ವೈಫೈ ಸೇರಿದ ಮಾತ್ರಕ್ಕೆ ಯಾರೂ ನಿಮ್ಮ ಖಾತೆಯ ಹಣ ತೆಗೆಯಲಾರರು. ಬ್ಯಾಂಕಿನ ಆ್ಯಪ್‌ಗೆ ಅದರದೇ ಬೀಗ ಇದೆ. ಅಪಾಯ ಇರುವುದು ಬಾಕ್ಸಿನ ಒಳಗಿನ ವ್ಯವಸ್ಥೆಗೆ ಯಾರಾದರೂ ಕೈ ಹಾಕಿದಾಗ. ಕವಲು ದಾರಿಯ ನಾಮಫಲಕವನ್ನು ರಾತ್ರಿ ಯಾರೋ ತಿರುಗಿಸಿಟ್ಟರೆ ಹೊಸಬರು ಬೇರೆ ಊರಿಗೆ ಹೋಗುತ್ತಾರಲ್ಲ, ಹಾಗೆ ನೀವು ಸರಿಯಾದ ಹೆಸರನ್ನೇ ಒತ್ತಿದರೂ ನಕಲಿ ಪುಟ ತೆರೆಯುವಂತೆ ಮಾಡಲು ಸಾಧ್ಯವಿದೆ. ಅಲ್ಲಿ ನೀವು ಪಿನ್ ಅಥವಾ ಒಟಿಪಿ ಹಾಕಿದರೆ ಕೆಟ್ಟಿತು.

ಕ್ಯಾಮೆರಾ ಇರುವವರು ಇನ್ನೂ ಎಚ್ಚರವಾಗಿರಬೇಕು. ಕೊಟ್ಟಿಗೆಯ ಕ್ಯಾಮೆರಾಕ್ಕೆ ರಾಸು ಮಾತ್ರ ಕಾಣುವುದಿಲ್ಲ. ಹಿತ್ತಲು, ಬಚ್ಚಲಿನ ದಾರಿ, ಮನೆಯ ಹೆಣ್ಣುಮಕ್ಕಳ ಓಡಾಟ, ಮನೆಗೆ ಬೀಗ ಬಿದ್ದಿರುವ ಹೊತ್ತು ಎಲ್ಲವೂ ಕಾಣುತ್ತದೆ.

ಮೊದಲು ಎಣಿಕೆ ಮಾಡಿ

ಮಂದೆ ಹಟ್ಟಿಗೆ ಬಂದಾಗ ತಲೆ ಎಣಿಸುತ್ತೀರಲ್ಲ, ಇಲ್ಲಿಯೂ ಅದೇ ಮೊದಲ ಕೆಲಸ. ನಿಮ್ಮ ಮನೆಯಲ್ಲಿ ವೈಫೈ ಬಳಸುವ ಫೋನು, ಟಿವಿ, ಕ್ಯಾಮೆರಾ, ಲ್ಯಾಪ್‌ಟಾಪ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ.

ವೈಫೈ ಬಾಕ್ಸನ್ನು ತಿರುಗಿಸಿ ನೋಡಿದರೆ ತಳದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ 192.168.1.1 ಅಥವಾ 192.168.0.1 ಎಂಬಂಥ ಅಂಕಿಯೂ, ಒಳಗೆ ಹೋಗುವ ಹೆಸರು ಮತ್ತು ಪಾಸ್‌ವರ್ಡೂ ಇರುತ್ತವೆ. ಮನೆಯ ವೈಫೈಗೆ ಸೇರಿರುವ ಫೋನಿನಲ್ಲಿ ಕ್ರೋಮ್ ತೆರೆದು ಮೇಲಿನ ಪಟ್ಟಿಯಲ್ಲಿ ಆ ಅಂಕಿ ಹಾಕಿದರೆ ಬಾಕ್ಸಿನ ಪುಟ ಬರುತ್ತದೆ. ಕೆಲವು ಕಂಪನಿಗಳು ಇದಕ್ಕೆ ಆ್ಯಪ್ ಕೊಟ್ಟಿವೆ. ಒಳಗೆ 'ಕನೆಕ್ಟೆಡ್ ಡಿವೈಸಸ್' ಅಥವಾ 'ಕ್ಲೈಂಟ್ ಲಿಸ್ಟ್' ಎಂಬ ಕಡೆ ಪಟ್ಟಿ ಸಿಗುತ್ತದೆ. ಗೊತ್ತಾಗದಿದ್ದರೆ ಕಾಲೇಜಿಗೆ ಹೋಗುವ ಮಕ್ಕಳನ್ನು ಕೂರಿಸಿಕೊಳ್ಳಿ, ಅಥವಾ ಸಂಪರ್ಕ ಕೊಟ್ಟ ಕೇಬಲ್‌ನವರನ್ನೇ ಕರೆಯಿರಿ.

ಪಟ್ಟಿಯಲ್ಲಿರುವ ಹೆಸರುಗಳು ಅರ್ಥವಾಗದಿರಬಹುದು. ಈಗಿನ ಫೋನುಗಳು ಸುರಕ್ಷತೆಗಾಗಿ ತಮ್ಮ ನಿಜವಾದ ಸಂಖ್ಯೆ ತೋರಿಸದೆ ಬೇರೆ ಸಂಖ್ಯೆ ತೋರಿಸುತ್ತವೆ. ಅದಕ್ಕೊಂದು ಸುಲಭ ಉಪಾಯ ಇದೆ. ಪಟ್ಟಿ ನೋಡುತ್ತಿರುವ ಫೋನೊಂದನ್ನು ಬಿಟ್ಟು ಮನೆಯ ಉಳಿದ ಎಲ್ಲ ಉಪಕರಣಗಳ ವೈಫೈ ಆರಿಸಿ. ಐದು ನಿಮಿಷ ಬಿಟ್ಟು ಪಟ್ಟಿಯನ್ನು ಮತ್ತೆ ತೆರೆಯಿರಿ. ಆಗಲೂ ಉಳಿದಿರುವುವು ನಿಮ್ಮವಲ್ಲ.

ಎರಡು ಬೀಗ, ಎರಡೂ ಬದಲಿಸಿ

ವೈಫೈಗೆ ಎರಡು ಪಾಸ್‌ವರ್ಡ್ ಇರುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಒಂದು ವೈಫೈ ಸೇರಲು. ಇನ್ನೊಂದು ಬಾಕ್ಸಿನ ಪುಟದೊಳಗೆ ಹೋಗಿ ಬದಲಾವಣೆ ಮಾಡಲು. ಮೊದಲನೆಯದು ಅಂಗಳದ ಗೇಟಾದರೆ ಎರಡನೆಯದು ಬೀರುವಿನ ಬೀಗ. ಬಹಳ ಮನೆಗಳಲ್ಲಿ ಈ ಎರಡನೆಯದು ಬಾಕ್ಸ್ ಬಂದ ದಿನ ಇದ್ದಂತೆ 'ಅಡ್ಮಿನ್' ಎಂದೇ ಇದೆ. 2016ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ ಮತ್ತು ವೈಫೈ ಬಾಕ್ಸುಗಳೊಳಗೆ ನುಗ್ಗಿತು. ಅದು ಮಾಡಿದ್ದು ಇಷ್ಟೆ: ಕಂಪನಿಗಳು ಹಾಕಿ ಕೊಟ್ಟ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿದ್ದು. ಬದಲಿಸಿಕೊಂಡವರು ಬಚಾವಾದರು. ಆದ್ದರಿಂದ ಬಾಕ್ಸಿನದೂ ಕ್ಯಾಮೆರಾದ್ದೂ ಮೂಲ ಪಾಸ್‌ವರ್ಡನ್ನು ಮೊದಲು ಬದಲಿಸಿ. ಅದನ್ನು ಮನೆಯ ಒಬ್ಬಿಬ್ಬರಿಗೆ ಬಿಟ್ಟು ಯಾರಿಗೂ ಹೇಳಬೇಡಿ.

ಆಮೇಲೆ ವೈಫೈ ಪಾಸ್‌ವರ್ಡ್. ನಾನು ನೋಡಿದ ಮನೆಗಳಲ್ಲಿ ಹೆಚ್ಚಿನವರು ಇಟ್ಟಿರುವುದು ತಮ್ಮ ಮೊಬೈಲ್ ನಂಬರ್. ಅದು ಊರಿಗೆಲ್ಲ ಗೊತ್ತು, ಡೇರಿಯ ಪುಸ್ತಕದಲ್ಲೂ ಇದೆ. ಗೊತ್ತಿಲ್ಲದವರೂ ಒಂದು ಶಕ್ತಿಶಾಲಿ ಕಂಪ್ಯೂಟರ್ ಇಟ್ಟುಕೊಂಡು ಬರೀ ಅಂಕಿಗಳ ಪಾಸ್‌ವರ್ಡನ್ನು ಕೆಲವೇ ಗಂಟೆಗಳಲ್ಲಿ ಹುಡುಕಿಬಿಡಬಹುದು. ಮಕ್ಕಳ ಹೆಸರು, ಹುಟ್ಟಿದ ವರ್ಷ, ಮನೆದೇವರ ಹೆಸರು ಕೂಡ ಬೇಡ.

ವೈಫೈ ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಇರಬೇಕು, 63ರವರೆಗೂ ಇರಬಹುದು. ಉದ್ದವಾದಷ್ಟೂ ಗಟ್ಟಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ತೆಗೆದುಕೊಂಡು ನಡುವೆ ಒಂದು ಅಂಕಿ ಸೇರಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಉದಾಹರಣೆಗೆ: ಕುಡುಗೋಲು, ರೈಲು, 47, ಹುಣಸೆ, ಚಾಪೆ. ನೆನಪಿಡಲು ಸುಲಭ, ಊಹಿಸಲು ಕಷ್ಟ. ದಯವಿಟ್ಟು ಇದನ್ನೇ ಇಟ್ಟುಕೊಳ್ಳಬೇಡಿ, ಈ ಪತ್ರಿಕೆ ಎಲ್ಲ ಸಂಘಗಳಿಗೂ ಹೋಗುತ್ತದೆ! ಬರೆದಿಟ್ಟುಕೊಳ್ಳುವುದಾದರೆ ಹಾಲಿನ ಪಾಸ್‌ಪುಸ್ತಕದ ಹಿಂದೆ ಬರೆಯಬೇಡಿ, ಮನೆಪತ್ರದ ಜೊತೆ ಇಡಿ.

ಪಾಸ್‌ವರ್ಡ್ ಬದಲಿಸುವ ಜಾಗದಲ್ಲೇ 'ಸೆಕ್ಯುರಿಟಿ' ಎಂದು ಇನ್ನೊಂದು ಆಯ್ಕೆ ಇರುತ್ತದೆ. ಅದರಲ್ಲಿ ಡಬ್ಲ್ಯೂಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯೂಪಿಎ3 ಆರಿಸಿ. 'ಓಪನ್' ಬೇಡವೇ ಬೇಡ. ಡಬ್ಲ್ಯೂಇಪಿ ಎಂಬುದು 1997ರ ಹಳೆಯ ಬೀಗ, 2001ರಷ್ಟರಲ್ಲೇ ಅದನ್ನು ಮುರಿಯುವ ವಿಧಾನ ಬಯಲಾಗಿತ್ತು. ನಿಮ್ಮ ಬಾಕ್ಸಿನಲ್ಲಿ ಅದೊಂದೇ ಇದ್ದರೆ ಬಾಕ್ಸನ್ನೇ ಬದಲಿಸುವ ಕಾಲ ಬಂದಿದೆ.

ಹಾಗೆಯೇ 'ಡಬ್ಲ್ಯೂಪಿಎಸ್' ಎಂಬುದನ್ನು ಆರಿಸಿಬಿಡಿ. ಪಾಸ್‌ವರ್ಡ್ ಇಲ್ಲದೆ 8 ಅಂಕಿಯ ಪಿನ್‌ನಿಂದ ಸೇರಿಕೊಳ್ಳುವ ಸೌಕರ್ಯ ಅದು. ಆ ಪಿನ್ನನ್ನು ಬಾಕ್ಸ್ ಎರಡು ತುಂಡಾಗಿ ಪರೀಕ್ಷಿಸುತ್ತದೆ, ಆದ್ದರಿಂದ ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಸಿಕ್ಕಿಬಿಡುತ್ತದೆ ಎಂದು 2011ರಲ್ಲೇ ಗೊತ್ತಾಯಿತು. 'ರಿಮೋಟ್ ಮ್ಯಾನೇಜ್‌ಮೆಂಟ್' ಎಂಬುದಿದ್ದರೆ ಕೇಬಲ್‌ನವರನ್ನು ಒಂದು ಮಾತು ಕೇಳಿ ಅದನ್ನೂ ಆರಿಸಿ. 'ಫರ್ಮ್‌ವೇರ್ ಅಪ್‌ಡೇಟ್' ಎಂದು ತೋರಿಸುತ್ತಿದ್ದರೆ ಮಾಡಿಸಿ. ಅದು ಬಾಕ್ಸಿಗೆ ಹಾಕಿಸುವ ಲಸಿಕೆ ಇದ್ದಂತೆ.

ಪಾಸ್‌ವರ್ಡ್ ಬದಲಿಸಿದ ಕೂಡಲೇ ಎಲ್ಲರೂ ಹೊರಗೆ ಬೀಳುತ್ತಾರೆ, ನಿಮ್ಮ ಕ್ಯಾಮೆರಾ ಕೂಡ. ಅದಕ್ಕೆ ಹೊಸ ಪಾಸ್‌ವರ್ಡ್ ಹಾಕಿ ಮತ್ತೆ ಜೋಡಿಸಿ, ಚಿತ್ರ ಬರುತ್ತಿದೆಯೇ ನೋಡಿ. ಹಸು ಇವತ್ತೋ ನಾಳೆಯೋ ಕರು ಹಾಕುವ ಹಾಗಿದ್ದರೆ ಈ ಕೆಲಸ ಬೆಳಗ್ಗೆಯೇ ಮುಗಿಸಿ, ಸಂಜೆಗೆ ಕೈ ಹಾಕಬೇಡಿ.

ಅತಿಥಿಗಳಿಗೆ ಬೇರೆ ದಾರಿ

ಸಂತೆಯಿಂದ ತಂದ ಹಸುವನ್ನು ಮಂದೆಗೆ ಸೇರಿಸುವ ಮುಂಚೆ ಎರಡು ಮೂರು ವಾರ ಬೇರೆ ಕಟ್ಟಿ ಎಂದು ನಾವು ಹೇಳುತ್ತಲೇ ಇರುತ್ತೇವೆ. ಆ ಹಸು ಕೆಟ್ಟದ್ದು ಎಂದಲ್ಲ, ಅದು ಎಲ್ಲೆಲ್ಲಿ ನೀರು ಕುಡಿದು ಬಂದಿದೆ ಎಂದು ನಮಗೆ ಗೊತ್ತಿಲ್ಲ. ನೆಂಟರ ಫೋನೂ ಹಾಗೆಯೇ. ಅದರಲ್ಲಿ ಯಾವ ವೈರಸ್ ಇದೆಯೋ ನೆಂಟರಿಗೇ ತಿಳಿದಿರುವುದಿಲ್ಲ.

ಹಲವು ಬಾಕ್ಸುಗಳಲ್ಲಿ 'ಗೆಸ್ಟ್ ನೆಟ್‌ವರ್ಕ್' ಎಂಬ ಸೌಲಭ್ಯ ಇದೆ. ಅದನ್ನು ಹಾಕಿದರೆ ಒಂದೇ ಬಾಕ್ಸಿನಿಂದ ಎರಡು ವೈಫೈ ಹೆಸರು ಕಾಣುತ್ತವೆ. ಎರಡನೆಯದರಲ್ಲಿ ಸೇರಿದವರಿಗೆ ಇಂಟರ್‌ನೆಟ್ ಸಿಗುತ್ತದೆ, ನಿಮ್ಮ ಕ್ಯಾಮೆರಾ, ಟಿವಿ, ಬಾಕ್ಸಿನ ಪುಟ ಅವರಿಗೆ ಸಿಗುವುದಿಲ್ಲ. ಅದಕ್ಕೆ ಬೇರೆ ಪಾಸ್‌ವರ್ಡ್ ಇಡಿ, ನೆಂಟರು ಹೋದ ಮೇಲೆ ಬದಲಿಸಿ ಅಥವಾ ಆರಿಸಿ. ಹೀಗೆ ಮಾಡಿದರೆ ನಿಮ್ಮ ಮನೆಯ ಪಾಸ್‌ವರ್ಡ್ ಮುಟ್ಟುವ ಅಗತ್ಯವೇ ಬರುವುದಿಲ್ಲ. ಆದರೆ ನೆನಪಿರಲಿ, ಅತಿಥಿಯ ದಾರಿಯಲ್ಲಿ ನಡೆದ ತಪ್ಪಿಗೂ ಕಂಪನಿಯ ದಾಖಲೆಯಲ್ಲಿ ಇರುವುದು ನಿಮ್ಮ ಹೆಸರೇ. ಹಾಗಾಗಿ ಗುರುತಿಲ್ಲದವರಿಗೆ ಅದೂ ಬೇಡ.

ಇವನ್ನೇ ನಂಬಿ ಕೂರಬೇಡಿ

ವೈಫೈ ಹೆಸರನ್ನು ಕಾಣದಂತೆ ಮುಚ್ಚಿಟ್ಟರೆ ಸಾಕು ಎಂದು ಕೆಲವರು ಹೇಳುತ್ತಾರೆ. ಹೆಸರು ಮುಚ್ಚಿದರೂ ಅಲೆ ಹೊರಡುತ್ತಲೇ ಇರುತ್ತದೆ, ಬೇಕಾದವರು ಸುಲಭವಾಗಿ ಹುಡುಕುತ್ತಾರೆ. ಪಟ್ಟಿಯಲ್ಲಿ ಒಂದೊಂದೇ ಫೋನನ್ನು 'ಬ್ಲಾಕ್' ಮಾಡುವುದೂ ತಾತ್ಕಾಲಿಕ. ಸಂಖ್ಯೆ ಬದಲಿಸಿಕೊಂಡ ಫೋನು ಮತ್ತೆ ಒಳಗೆ ಬರುತ್ತದೆ. ಬೇಲಿಯಲ್ಲಿ ಕಂಡಿ ಇರುವಾಗ ನುಗ್ಗಿದ ಒಂದೊಂದೇ ದನವನ್ನು ಅಟ್ಟುತ್ತಾ ಕೂತ ಹಾಗೆ. ಕಂಡಿ ಮುಚ್ಚಿ, ಅಂದರೆ ಪಾಸ್‌ವರ್ಡ್ ಬದಲಿಸಿ.

ಇನ್ನೊಂದು ಎಚ್ಚರಿಕೆ. ನೆಟ್ ಕೆಟ್ಟಾಗ ಬಾಕ್ಸಿನ ಹಿಂದಿರುವ 'ರೀಸೆಟ್' ಗುಂಡಿಯನ್ನು ಪಿನ್ನಿನಿಂದ ಒತ್ತಿ ಹಿಡಿದು ಸರಿಮಾಡುವುದುಂಟು. ಹಾಗೆ ಮಾಡಿದರೆ ನೀವು ಇಟ್ಟ ಪಾಸ್‌ವರ್ಡುಗಳೆಲ್ಲ ಅಳಿಸಿಹೋಗಿ ಚೀಟಿಯಲ್ಲಿರುವ ಹಳೆಯವೇ ಮರಳುತ್ತವೆ. ರಿಪೇರಿಯವರು ಬಂದು ಹೋದ ಮೇಲೆ ಎರಡೂ ಬೀಗಗಳನ್ನು ಇನ್ನೊಮ್ಮೆ ಪರೀಕ್ಷಿಸಿ.

ಕೇಳಿದವರಿಗೆ ಇಲ್ಲ ಎನ್ನುವುದು ಹೇಗೆ?

ಇಲ್ಲಿಯವರೆಗೆ ಹೇಳಿದ್ದೆಲ್ಲ ಅರ್ಧ ಗಂಟೆಯ ಕೆಲಸ. ನಿಜವಾದ ಕಷ್ಟ ಇದು. ಮಜ್ಜಿಗೆ ಕೇಳಿದವರಿಗೆ ಇಲ್ಲ ಎನ್ನದ ಮನೆಗಳು ನಮ್ಮವು. ವೈಫೈ ಕೇಳಿದರೆ ಇಲ್ಲ ಎನ್ನುವುದು ಹೇಗೆ?

ಆ ಮನೆಯ ಯಜಮಾನಿಯೂ ಇದನ್ನೇ ಕೇಳಿದರು. ನಾನು ಹೇಳಿದ್ದು ಇಷ್ಟು. ಮಜ್ಜಿಗೆ ಕೊಡಿ, ಅಡುಗೆಮನೆಯ ಬೀಗದ ಕೈ ಕೊಡಬೇಡಿ. ಪಕ್ಕದ ಮನೆಯ ಮಗುವಿಗೆ ಪಾಠಕ್ಕೆ ಬೇಕಿದ್ದರೆ ಜಗುಲಿಯಲ್ಲಿ ಕೂರಿಸಿ, ಗೆಸ್ಟ್ ವೈಫೈ ಹಾಕಿಕೊಡಿ, ಕೆಲಸ ಮುಗಿದ ಮೇಲೆ ಆರಿಸಿ. ಪಾಸ್‌ವರ್ಡನ್ನು ಬಾಯಲ್ಲಿ ಹೇಳುವ ಬದಲು ಅವರ ಫೋನು ಇಸಿದುಕೊಂಡು ನೀವೇ ಹಾಕಿ. ಇದರಿಂದ ಪೂರ್ತಿ ತಡೆಯಾಗುವುದಿಲ್ಲ, ಆದರೆ ಬಾಯಿಂದ ಬಾಯಿಗೆ ಹೋಗುವುದು ನಿಲ್ಲುತ್ತದೆ. ಕೊಟ್ಟಿಗೆಯ ಕ್ಯಾಮೆರಾ ನಿಂತುಹೋಗುತ್ತಿದೆ ಎಂದು ಇದ್ದ ವಿಷಯ ಹೇಳಿ. ಹಸು ಸಾಕುವ ಊರಿನಲ್ಲಿ ಆ ಮಾತು ಯಾರಿಗೂ ಅರ್ಥವಾಗದೆ ಇರದು.

ಅವರು ಮರುವಾರವೇ ಬದಲಿಸಿದರು. ಇಬ್ಬರು ಮೂರು ದಿನ ಮುಖ ಊದಿಸಿಕೊಂಡಿದ್ದರಂತೆ. ನಂತರ ಅದೇ ಇಬ್ಬರು ತಮ್ಮ ಮನೆಗೂ ಸಂಪರ್ಕ ಹಾಕಿಸಿಕೊಂಡರಂತೆ.

ಸಂಘದ ಕಾರ್ಯದರ್ಶಿಗಳಿಗೆ ಒಂದು ಮಾತು

ಹಾಲು ಶೇಖರಣೆಯ ಕಂಪ್ಯೂಟರ್, ಸದಸ್ಯರ ಖಾತೆ ಸಂಖ್ಯೆ, ಬಟವಾಡೆಯ ಪಟ್ಟಿ ಎಲ್ಲ ನಿಮ್ಮ ಕಚೇರಿಯಲ್ಲಿವೆ. ಅಲ್ಲಿನ ವೈಫೈ ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿರುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ತೆಗೆಯಿರಿ. ಹಾಲು ಹಾಕಲು ಬಂದವರಿಗೆ ವೈಫೈ ಕೊಡಬೇಕೆಂದಿದ್ದರೆ ಗೆಸ್ಟ್ ಹೆಸರಿನಲ್ಲಿ ಮಾತ್ರ ಕೊಡಿ. ಸಿಬ್ಬಂದಿ ಬದಲಾದಾಗ ಪಾಸ್‌ವರ್ಡೂ ಬದಲಾಗಲಿ.

ಹಣ ಕಳೆದುಕೊಂಡ ಅನುಮಾನ ಬಂದರೆ ಯಾರೇ ಆಗಲಿ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮಗೆಲ್ಲ ಗೊತ್ತು. ಈ ಭಾನುವಾರ ಡೇರಿಗೆ ಹಾಲು ಹಾಕಿ ಬಂದ ಮೇಲೆ ಬಾಕ್ಸನ್ನು ಒಮ್ಮೆ ತಿರುಗಿಸಿ ಚೀಟಿ ನೋಡಿ, ತಲೆ ಎಣಿಸಿ, ಎರಡೂ ಬೀಗ ಬದಲಿಸಿ. ಕ್ಯಾಮೆರಾ ಎಷ್ಟೇ ಚೆನ್ನಾಗಿ ಕಂಡರೂ ಕರು ಹಾಕುವ ರಾತ್ರಿ ಒಂದು ಸಲವಾದರೂ ಕೊಟ್ಟಿಗೆಗೆ ನೀವೇ ಹೋಗಿ ಬನ್ನಿ. ನೀರಿನ ಚೀಲ ಕಂಡು ಒಂದೆರಡು ಗಂಟೆಯಾದರೂ ಕರು ಬಾರದಿದ್ದರೆ, ಹೊತ್ತು ಎಷ್ಟೇ ಆಗಿರಲಿ, ನಮಗೆ ಫೋನ್ ಮಾಡಿ.